ಇಲಿಯ ಪಾದ ಎಷ್ಟು ಗ್ರಾಂಗೆ ಎದ್ದಿತು?

ರಘು: (ಫಾರ್ವರ್ಡ್) "ಆಘಾತ ಕಂಡ ಇಲಿಗೆ ಗಾಯವಿಲ್ಲದೆಯೂ ನೋವು". ಅಪಘಾತವಾಗಿ ವರ್ಷ ಕಳೆದರೂ ಬೆನ್ನುನೋವು ಅನ್ನೋರದ್ದು ಬರೀ ಮನಸ್ಸಿನ ನೋವು ಅಂತ ಸಾಬೀತಾಯ್ತಲ್ಲ.

ಸುಮಾ: ಇಲ್ಲ ರಘು, ಪೂರಾ ಉಲ್ಟಾ. ಇದು ಎಸ್‌ಪಿಎಸ್ ಮಾದರಿ, ಅಂದ್ರೆ ಒಂದೇ ಸಲ ದೀರ್ಘ ಒತ್ತಡ ಕೊಟ್ಟು ಇಲಿಯಲ್ಲಿ ಆಘಾತದ ಪರಿಣಾಮ ನೋಡೋ ವಿಧಾನ. 1997ರಲ್ಲಿ ಅಮೆರಿಕದ ಮಿಷಿಗನ್‌ನ ಸಂಶೋಧಕ ಲಿಬರ್ಜೋನ್ ತಂಡದ್ದು. ಇಲಿಯನ್ನ 2 ಗಂಟೆ ಅಲ್ಲಾಡದ ಹಾಗೆ ಕಟ್ಟಿಡ್ತಾರೆ, 20 ನಿಮಿಷ ಈಜಿಸ್ತಾರೆ, 15 ನಿಮಿಷ ಬಿಡುವು, ಆಮೇಲೆ ಪ್ರಜ್ಞೆ ತಪ್ಪೋವರೆಗೆ ಈಥರ್ ಆವಿ ಕೊಡ್ತಾರೆ. ಅಲ್ಲಿಂದ 7 ದಿನ ಮುಟ್ಟೋ ಹಾಗಿಲ್ಲ. ಇದಾದ ಮೇಲೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಔಷಧಿ ಕೊಟ್ರೆ ಒತ್ತಡದ ಹಾರ್ಮೋನು ಸಾಮಾನ್ಯಕ್ಕಿಂತ ಜಾಸ್ತಿ ಕುಸಿಯುತ್ತೆ. 1993ರಲ್ಲಿ ವಿಯೆಟ್ನಾಂ ಯುದ್ಧದ ಆಘಾತದಿಂದ ಪಿಟಿಎಸ್‌ಡಿ (ಆಘಾತದ ನಂತರವೂ ಉಳಿಯೋ ಮಾನಸಿಕ ತೊಂದರೆ) ಇದ್ದ ಅಮೆರಿಕದ ಮಾಜಿ ಯೋಧರಿಗೆ ಇದೇ ಔಷಧಿ 0.5 ಮಿ.ಗ್ರಾಂ ಕೊಟ್ಟು ಸಂಶೋಧಕಿ ಯೆಹೂದಾ ಕಂಡಿದ್ದೂ ಇದೇ. ದೇಹದೊಳಗೇ ಬದಲಾವಣೆ ಇದೆ, "ಬರೀ ಮನಸ್ಸು" ಎಲ್ಲಿ ಬಂತು?

ರಘು: 20 ನಿಮಿಷ ಈಜಿದ್ರೆ ಯಾರಿಗಾದ್ರೂ ಮೈಕೈ ನೋಯುತ್ತೆ.

ಸುಮಾ: ಅದಕ್ಕೇ ಬರೀ ಈಜಿಸಿದ ಗುಂಪೂ ಒಂದು ಇರಬೇಕು. ಇಲ್ಲದಿದ್ರೆ ನಿನ್ನ ಮಾತನ್ನ ತಳ್ಳಿಹಾಕೋಕಾಗಲ್ಲ.

ಇಕ್ಬಾಲ್: ನೋವಿನ ಅಳತೆಯಲ್ಲೇ ಹೆಚ್ಚು ಎಡವಟ್ಟು. ಜಾಲರಿ ಮೇಲೆ ಇಲಿ ಅರ್ಧ ಗಂಟೆ ಕೂತು ಒಗ್ಗಬೇಕು, ನಾಲ್ಕೂ ಕಾಲು ಊರಿ ಸುಮ್ಮನಿರಬೇಕು. ವಾನ್ ಫ್ರೇ ಎಳೆ (ಇಷ್ಟೇ ಗ್ರಾಂ ಒತ್ತಡಕ್ಕೆ ಬಾಗೋ ನೈಲಾನ್ ಎಳೆ) 2 ಗ್ರಾಂನದ್ದರಿಂದ ಶುರು: ಅಂಗಾಲಿನ ನಡುವೆ ಲಂಬವಾಗಿ ಒತ್ತಿ, ಎಳೆ ಬಾಗಿದ ಮೇಲೆ 6ರಿಂದ 8 ಸೆಕೆಂಡು ಹಿಡೀಬೇಕು. ಪಾದ ಎಳ್ಕೊಂಡ್ರೆ ಒಂದು ಮೆಟ್ಟಿಲು ಕೆಳಗಿನ ಕಡಿಮೆ ಗ್ರಾಂ ಎಳೆ, ಇಲ್ಲಾಂದ್ರೆ ಮೇಲಿನದ್ದು, 15 ಗ್ರಾಂಗೆ ನಿಲ್ಲಿಸು. ಮಳೆಗಾಲದಲ್ಲಿ ನೈಲಾನ್ ತೇವ ಹೀರಿ ಮೆತ್ತಗಾಗುತ್ತೆ, ತಕ್ಕಡಿ ಮೇಲೆ ಒತ್ತಿ ನೋಡದೆ ಬಳಸಿದ್ರೆ ಗ್ರಾಂ ಲೆಕ್ಕ ಸುಳ್ಳು. ಯಾವ ಇಲಿ ಯಾವ ಗುಂಪು ಅಂತ ಎಳೆ ಹಿಡಿದವರಿಗೆ ಗೊತ್ತಿರಲೇಬಾರದು.

ಸುಮಾ: ಹಿಡಿದವರು ಗಂಡಸೋ ಹೆಂಗಸೋ ಅನ್ನೋದೂ ಬರೀಬೇಕು. ಗಂಡಸರ ವಾಸನೆಗೇ ಇಲಿಗಳ ಒತ್ತಡ ಏರಿ ನೋವಿನ ಪ್ರತಿಕ್ರಿಯೆ ಇಳಿಯುತ್ತೆ, ಅವರು ತೊಟ್ಟ ಟೀಶರ್ಟ್ ಇಟ್ರೂ ಸಾಕು. ನೋವಿನ ಸಂಶೋಧಕ ಮೋಗಿಲ್ ತಂಡ 2014ರಲ್ಲಿ ತೋರಿಸಿದೆ.

ರಘು: ತಡಿ. ಒತ್ತಡಕ್ಕೆ ನೋವು ಇಳಿಯುತ್ತೆ ಅಂತೀಯ, ಫಾರ್ವರ್ಡ್‌ನಲ್ಲಿ ಏರುತ್ತೆ ಅಂತಿದೆ.

ಸುಮಾ: ಎರಡೂ ನಿಜ, ಹೊತ್ತು ಬೇರೆ. ಆ ಕ್ಷಣದ ಭಯ ನೋವನ್ನ ಅದುಮುತ್ತೆ. ದಿನಗಳು ಕಳೆದ ಮೇಲೆ ಸೂಕ್ಷ್ಮತೆ ಏರುತ್ತೆ. ಈಥರ್ ಆದ ಮಾರನೇ ದಿನವೇ ಎಳೆ ಹಿಡಿದು ಕೂತ್ರೆ ಎರಡೂ ಕಲಸಿಹೋಗುತ್ತೆ.

ಇಕ್ಬಾಲ್: ಇನ್ನೊಂದು. ಬೆನ್ನುಹುರಿ ಕತ್ತರಿಸಿದ ಇಲಿಯೂ ಪಾದ ಎಳ್ಕೊಳ್ಳುತ್ತೆ, ಅದು ಬರೀ ಪ್ರತಿವರ್ತನೆ. ನೋವು ಕಾಡ್ತಿದೆಯಾ ಅಂತ ತಿಳೀಬೇಕಾದ್ರೆ ಎರಡು ಕೋಣೆ ಪ್ರಯೋಗ ಬೇಕು: ನೋವುನಿವಾರಕ ಸಿಕ್ಕಿದ್ದ ಕೋಣೆಯನ್ನೇ ಆಮೇಲೆ ಆರಿಸ್ಕೊಳ್ಳುತ್ತಾ ಅಂತ.

ಸುಮಾ: ರಘು, ಆ ಶೀರ್ಷಿಕೆ ತೆಗೆದು ಮೂಲ ಪ್ರಬಂಧದ ವಿಧಾನದ ಪುಟ ಹಾಕು.

ರಘು: ನೋಡ್ದೆ. ಬರೀ ಈಜಿಸಿದ ಗುಂಪಿಲ್ಲ. ಗಂಡು ಇಲಿ ಮಾತ್ರ. ಫಾರ್ವರ್ಡ್ ಅಳಿಸ್ತೀನಿ.