ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಗೆ ವೆಲ್ಡಿಂಗ್: ಬೆಸುಗೆ ಗಟ್ಟಿ, ಪಕ್ಕದಲ್ಲೇ ಕಂಬಿ ಮುರಿಯುತ್ತಿದೆ

ತೋಟದ ಬೇಲಿ (ಮೂಡಿಗೆರೆ)

ಮನೆ ಕೆಲಸ ಮುಗಿದು 12 ಎಂಎಂ ಕಂಬಿ ಎರಡು ಉದ್ದ, 10 ಎಂಎಂ ಒಂದು ಉದ್ದ, ಜೊತೆಗೆ 8 ಎಂಎಂ ತುಂಡುಗಳು ಉಳಿದಿವೆ. ಎಲ್ಲವೂ ಎಫ್‌ಇ 500ಡಿ ಗ್ರೇಡ್. ಗುಜರಿಗೆ ಹಾಕುವ ಬದಲು ಮೂರು ಕೆಲಸಕ್ಕೆ ಬಳಸೋಣ ಅಂತ ಇದ್ದೇನೆ.

ಒಂದು, ತೋಟದ ಉಣುಗೋಲು ತೆಗೆದು ಅಲ್ಲಿಗೆ 900 ಎಂಎಂ ಅಗಲ, 1200 ಎಂಎಂ ಎತ್ತರದ ಸಣ್ಣ ಗೇಟು. ಎರಡು, 500 ಲೀಟರ್ ನೀರಿನ ಟ್ಯಾಂಕಿಗೆ 5 ಅಡಿ ಎತ್ತರದ ಸ್ಟ್ಯಾಂಡು. ಮೂರು, ಕೊಟ್ಟಿಗೆಯ ಪಿಲ್ಲರ್ ಮೇಲೆ ಬಿಟ್ಟ 12 ಎಂಎಂ ಕಂಬಿಗಳು ಒಂದು ಅಡಿ ಮಾತ್ರ ಹೊರಗಿವೆ. ವೆಲ್ಡ್ ಹೊಡೆದು ಉದ್ದ ಮಾಡಿದರಾಯಿತು ಅನ್ನುತ್ತಾರೆ ಮೇಸ್ತ್ರಿ.

ನನ್ನ ಬಳಿ 200 ಆಂಪ್ ಇನ್ವರ್ಟರ್ ಮೆಷಿನ್, 6013 ನಮೂನೆಯ 2.5 ಎಂಎಂ ವೆಲ್ಡಿಂಗ್ ರಾಡ್ ಇದೆ. ಪರೀಕ್ಷೆಗೆ 10 ಎಂಎಂ ತುಂಡು ಎರಡನ್ನು ಟಿ ಆಕಾರದಲ್ಲಿ ಕೂಡಿಸಿ ವೈಸ್‌ಗೆ ಕಟ್ಟಿ ಸುತ್ತಿಗೆಯಲ್ಲಿ ಹೊಡೆದೆ. ಬೆಸುಗೆ ಅಲುಗಲಿಲ್ಲ, ಅದರ ಪಕ್ಕದಲ್ಲೇ ಕಂಬಿ ಬಳಪದ ಹಾಗೆ ಟಪ್ ಅಂತ ಮುರಿಯಿತು. ಆಂಪ್ ಕಮ್ಮಿಯಾಯಿತೋ, ಕಂಬಿಯೇ ಸರಿಯಿಲ್ಲವೋ?

ಗ್ರೈಂಡರ್ (ಹಾಸನ)

ಮೊದಲು ಎರಡು ಪ್ರಶ್ನೆ. ಬೆಸುಗೆ ಕೆಂಪಗಿರುವಾಗಲೇ ನೀರಿಗೆ ಅದ್ದಿದಿರಾ? ಬೆಸುಗೆ ಎಷ್ಟು ಉದ್ದ ಹಾಕಿದ್ದಿರಿ?

ತೋಟದ ಬೇಲಿ (ಮೂಡಿಗೆರೆ)

ಹೌದು ಸರ್, ಕೈಯಲ್ಲಿ ಹಿಡಿಯಬೇಕಲ್ಲ ಅಂತ ಬಕೆಟ್‌ಗೆ ಅದ್ದಿದೆ. ಬೆಸುಗೆ ಎರಡು ಕಡೆ ಒಂದೊಂದು ಚುಕ್ಕೆ, 4-5 ಎಂಎಂ ಇರಬಹುದು.

ಗ್ರೈಂಡರ್ (ಹಾಸನ)

ಹಾಗಾದರೆ ಕಂಬಿ ಸರಿಯಾಗೇ ಇದೆ. ಕೆಡಿಸಿದ್ದು ಬಕೆಟ್ಟು, ಮತ್ತೆ ಆ ಚುಕ್ಕೆ.

ಟಿಎಂಟಿಗೆ ಶಕ್ತಿ ಬರುವುದು ಬರೀ ಉಕ್ಕಿನಿಂದಲ್ಲ. ಕಾರ್ಖಾನೆಯಲ್ಲಿ ಕೆಂಪು ಕಂಬಿ ಹೊರಬರುತ್ತಿದ್ದಂತೆ ನೀರು ಚಿಮ್ಮಿಸಿ ಹೊರಪದರವನ್ನು ಗಡುಸು ಮಾಡುತ್ತಾರೆ. ಒಳಗೆ ಉಳಿದ ಶಾಖ ಹೊರಗೆ ಹರಿದು ಆ ಪದರವನ್ನು ಹದಕ್ಕೆ ತರುತ್ತದೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬಗ್ಗುವ ತಿರುಳು. ಬೆಸುಗೆಯ ಬಿಸಿ ಈ ಹದವನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ಬೆಸುಗೆಗೆ ಅಂಟಿದ ಜಾಗ ಕೆಂಪಾಗಿ, ಸುತ್ತಲಿನ ತಣ್ಣನೆ ಕಂಬಿ ಆ ಬಿಸಿಯನ್ನು ತಟ್ಟನೆ ಎಳೆದುಕೊಂಡಾಗ ಗಾಜಿನಂತೆ ಪೆಡಸಾಗುತ್ತದೆ. ಅದರಿಂದ ಕೆಲವು ಎಂಎಂ ಆಚೆ ಸಿಪ್ಪೆಯ ಗಡಸುತನ ಇಳಿದು ಮೆತ್ತಗಾಗುತ್ತದೆ. ಚುಕ್ಕೆ ಸಣ್ಣದಾದಷ್ಟೂ ಬೇಗ ಆರುತ್ತದೆ, ಹಾಗಾಗಿ ಪೆಡಸೂ ಹೆಚ್ಚು. ನೀರಿಗೆ ಅದ್ದಿದರಂತೂ ಕತ್ತಿಗೆ ಸಾಣೆ ಹಿಡಿಯುವ ಮುಂಚೆ ಕಮ್ಮಾರರು ಮಾಡುವ ಕೆಲಸವನ್ನೇ ನೀವು ಗೇಟಿಗೆ ಮಾಡಿದಂತೆ!

500ಡಿ ಸಿಕ್ಕಿದ್ದು ಒಳ್ಳೆಯದೇ. ಕಂಬಿಗೆ ಇರುವ ಭಾರತೀಯ ಮಾನಕ ಐಎಸ್ 1786ರ ಪ್ರಕಾರ ಎಫ್‌ಇ 500ರಲ್ಲಿ ಇಂಗಾಲ ನೂರಕ್ಕೆ 0.30ರವರೆಗೆ ಇರಬಹುದು, 500ಡಿಯಲ್ಲಿ 0.25ಕ್ಕೆ ಮಿತಿ. ಅಂಗಡಿಯವರ ಹತ್ತಿರ ಟೆಸ್ಟ್ ಸರ್ಟಿಫಿಕೇಟ್ ಇದ್ದರೆ ಇಂಗಾಲದ ಅಂಕಿಗೆ ಮ್ಯಾಂಗನೀಸ್‌ನ ಆರನೇ ಒಂದು ಭಾಗ ಕೂಡಿಸಿ. ಇಂಗಾಲ 0.22, ಮ್ಯಾಂಗನೀಸ್ 0.90 ಇದ್ದರೆ 0.37 ಬರುತ್ತದೆ. ಬೇರೆ ಮಿಶ್ರಲೋಹ ಸೇರಿಸದ ಕಂಬಿಯಲ್ಲಿ ಇದು 0.42 ದಾಟದಿದ್ದರೆ ವೆಲ್ಡಿಂಗ್‌ಗೆ ಯೋಗ್ಯ. ಯಾವ ಗ್ರೇಡ್ ಅಂತಲೇ ಗೊತ್ತಿಲ್ಲದ ಗುಜರಿ ಕಂಬಿಯನ್ನು ತೂಕ ಹೊರುವ ಯಾವ ಕೆಲಸಕ್ಕೂ ವೆಲ್ಡ್ ಮಾಡಬೇಡಿ.

ಇನ್ನು ಗೇಟು. ಚೌಕಟ್ಟಿಗೆ ನಾಲ್ಕು ತುಂಡು ಕೂಡಿಸುವುದು ದಂಡದ ಕೆಲಸ. 12 ಎಂಎಂ ಕಂಬಿ ಸುಮಾರು 4.1 ಮೀಟರ್ ತೆಗೆದುಕೊಂಡು ನಾಲ್ಕು ಮೂಲೆಯನ್ನೂ ಬಗ್ಗಿಸಿ, ತಣ್ಣಗಿರುವಾಗಲೇ. ಬಗ್ಗಿಸುವ ಗೂಟ 48 ಎಂಎಂಗಿಂತ ಸಣ್ಣದಿರಬಾರದು. ಬೆಂಕಿಯಲ್ಲಿ ಕಾಯಿಸಿದರೆ ಆ ಮೂಲೆಯ ಹದ ಅಷ್ಟೂ ಹೋಗುತ್ತದೆ. ಆಗ ಚೌಕಟ್ಟಿಗೆ ಒಂದೇ ಒಂದು ಜೋಡಣೆ ಉಳಿಯುತ್ತದೆ. ಅದು ಕೆಳಗಿನ ಅಡ್ಡಕಂಬಿಯ ನಡುವೆ ಬರಲಿ, ಬಗ್ಗಿಸಿದ ಮೂಲೆಯಲ್ಲಿ ಬೇಡ. ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ 900 × 1200 ಚೌಕ ಬರೆದುಕೊಳ್ಳಿ. ಕರ್ಣ ಎರಡೂ ಸರಿಯಾಗಿ 1500 ಬರಬೇಕು (ಮೂರು-ನಾಲ್ಕು-ಐದರ ಲೆಕ್ಕ). ಬಗ್ಗಿಸಿದ ಚೌಕಟ್ಟು ಆ ಗೆರೆಯ ಮೇಲೆ ಕೂರಬೇಕು.

ಒಳಗೆ ನಿಲುವುಕಂಬಿ 10 ಎಂಎಂ, 1176 ಉದ್ದದ್ದು ಏಳು. ನಡುವೆ ಸುಮಾರು 100 ಎಂಎಂ ಸಂದು ಉಳಿಯುತ್ತದೆ, ಕರು ತಲೆ ತೂರಿಸುವುದಿಲ್ಲ. ಓರೆಕಂಬಿ ಒಂದು ಬೇಕೇ ಬೇಕು. ಹಿಂಜ್ ಇರುವ ಕಡೆಯ ಮೇಲಿನ ಮೂಲೆಯಿಂದ ಚಿಲಕದ ಕಡೆಯ ಕೆಳಮೂಲೆಗೆ ಬರಲಿ. ಮರದ ಗೇಟಿನಲ್ಲಿ ಇದನ್ನು ತಿರುಗಾಮುರುಗಾ ಹಾಕುತ್ತಾರೆ, ಮರಕ್ಕೆ ಒತ್ತಡ ತಡೆಯುವ ದಪ್ಪ ಇದೆ. ತೆಳು ಕಂಬಿ ಒತ್ತಿದರೆ ಬಾಗುತ್ತದೆ, ಎಳೆದರೆ ನಿಲ್ಲುತ್ತದೆ. ಒಟ್ಟು ತೂಕ ಹತ್ತು ಕೆಜಿ ಹತ್ತಿರ. ತೂಕ ತಿಳಿಯಲು ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ ಕೆಜಿ ಸಿಗುತ್ತದೆ: 12ಕ್ಕೆ 0.89, 10ಕ್ಕೆ 0.62.

ಜೋಡಣೆ ಮಾಡುವಾಗ ಕೂಡುವ ಜಾಗದಿಂದ 15 ಎಂಎಂವರೆಗೆ ರಿಬ್ಬು (ಕಂಬಿಯ ಮೇಲಿನ ಏಣು), ತುಕ್ಕು, ಸಿಮೆಂಟ್ ಹಾಲು ಎಲ್ಲ ಗ್ರೈಂಡ್ ಮಾಡಿ ಹೊಳಪು ಬರಿಸಿ. ರಿಬ್ ಹಾಗೇ ಬಿಟ್ಟರೆ ಅದರ ಸಂದಿಯಲ್ಲಿ ಸ್ಲ್ಯಾಗ್ (ರಾಡಿನ ಲೇಪ ಕರಗಿ ಆಗುವ ಕಿಟ್ಟ) ಕೂರುತ್ತದೆ, ಮೇಲಿನಿಂದ ನೋಡಿದರೆ ಬೆಸುಗೆ ಚೆಂದವಾಗೇ ಕಾಣುತ್ತದೆ. ನಿಲುವುಕಂಬಿಯ ತುದಿಯನ್ನು ಮೀನಿನ ಬಾಯಿಯ ಹಾಗೆ ಸ್ವಲ್ಪ ಕೊರೆದರೆ ಚೌಕಟ್ಟಿನ ದುಂಡಿಗೆ ಸರಿಯಾಗಿ ಕೂರುತ್ತದೆ. 2.5ರ 6013ಕ್ಕೆ 80 ಆಂಪ್ ಇಡಿ, ಟ್ಯಾಕ್‌ಗೆ 85-90. ಟ್ಯಾಕ್ ಅಂದರೆ ತುಂಡು ಅಲುಗದಂತೆ ಮೊದಲು ಹಾಕುವ ಗಿಡ್ಡ ಬೆಸುಗೆ, ಚುಕ್ಕೆ ಅಲ್ಲ, ಕಡಿಮೆ ಅಂದರೆ 10 ಎಂಎಂ ಉದ್ದ. ಎಲ್ಲಾ ಟ್ಯಾಕ್ ಮುಗಿದ ಮೇಲೆ ಒಂದು ಜೋಡಣೆ ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಹಾರಿಸಿ ತುಂಬಿಸಿ. ಒಂದೇ ಕಡೆಯಿಂದ ಸಾಲಾಗಿ ಹೊಡೆದುಕೊಂಡು ಹೋದರೆ ಗೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೊನೆಯಲ್ಲಿ ಆರ್ಕ್ (ರಾಡಿನ ತುದಿಯ ಉರಿ) ಎತ್ತುವ ಮುಂಚೆ 5 ಎಂಎಂ ಹಿಂದಕ್ಕೆ ಬಂದು ಗುಳಿ ತುಂಬಿಸಿ, ಬಿರುಕು ಶುರುವಾಗುವುದು ಆ ಗುಳಿಯಿಂದಲೇ.

ಆಂಪ್ ಹೆಚ್ಚಿಸಿ ಆರ್ಕ್ ಉದ್ದ ಹಿಡಿದರೆ ಬೆಸುಗೆಯ ಅಂಚಿನಲ್ಲಿ ಕಂಬಿ ಕೊರೆದು ಹೋಗುತ್ತದೆ. 8 ಎಂಎಂ ಕಂಬಿಯಲ್ಲಿ ಸುತ್ತ 1 ಎಂಎಂ ಕೊರೆದರೆ ಉಳಿಯುವುದು 6 ಎಂಎಂ, ನೂರಕ್ಕೆ 44 ಭಾಗ ಉಕ್ಕು ಹೋಯಿತು. ಅದಕ್ಕೇ 8 ಎಂಎಂ ತುಂಡುಗಳನ್ನು ಗೇಟಿಗೆ ಹಾಕಬೇಡಿ, ಕುಂಡದ ಸ್ಟ್ಯಾಂಡಿಗೋ ಬಳ್ಳಿ ಹಬ್ಬಿಸುವುದಕ್ಕೋ ಸರಿ.

ಆರುವುದಕ್ಕೆ ಗಾಳಿ ಸಾಕು. ಇಬ್ಬನಿ ಬಿದ್ದ ಬೆಳಿಗ್ಗೆ ಕೆಲಸ ಮಾಡುವುದಾದರೆ ಗ್ಯಾಸ್ ಟಾರ್ಚ್‌ನಲ್ಲಿ ಕೈ ಇಟ್ಟರೆ ಚುರುಗುಟ್ಟುವಷ್ಟು ಬಿಸಿ ಮಾಡಿಕೊಂಡು ಶುರು ಮಾಡಿ. ಆಮೇಲೆ ಇನ್ನೊಂದು ಟಿ ತುಂಡು ಹೀಗೇ ಮಾಡಿ ಹೊಡೆದು ನೋಡಿ. ಕಂಬಿ ಮುರಿಯದೆ ಬಾಗಬೇಕು.

ಲ್ಯಾಪ್ ಲೆಕ್ಕ (ಚಿಕ್ಕಮಗಳೂರು)

ಗೇಟಿನ ವಿಷಯಕ್ಕೆ ನನ್ನದೇನೂ ತಕರಾರಿಲ್ಲ. ಪಿಲ್ಲರ್ ಕಂಬಿಗೆ ಮಾತ್ರ ವೆಲ್ಡಿಂಗ್ ಬೇಡವೇ ಬೇಡ. ಗೇಟಿನಲ್ಲಿ ಒಂದು ಜೋಡಣೆ ಬಿಟ್ಟರೆ ಮತ್ತೆ ಹೊಡೆಯಬಹುದು, ಕಾಂಕ್ರೀಟ್ ಒಳಗೆ ಬಿಟ್ಟರೆ ಗೊತ್ತೂ ಆಗುವುದಿಲ್ಲ. ಕಾಂಕ್ರೀಟಿಗೆ ಅಂಟಿಕೊಂಡ ಜಾಗದಲ್ಲೇ ಕಾಯಿಸಿದರೆ ಕಂಬಿಗೂ ಕಾಂಕ್ರೀಟಿಗೂ ಇರುವ ಹಿಡಿತವೂ ಸಡಿಲವಾಗುತ್ತದೆ.

ಕಾಂಕ್ರೀಟ್ ಮಾನಕ ಐಎಸ್ 456ರ ಲೆಕ್ಕದಲ್ಲಿ ಎಂ20 ದರ್ಜೆಯ ಕಾಂಕ್ರೀಟ್, ಎಫ್‌ಇ 500 ಕಂಬಿಗೆ ಒತ್ತಡದಲ್ಲಿ ವ್ಯಾಸದ 45 ಪಟ್ಟು, ಎಳೆತದಲ್ಲಿ ಸುಮಾರು 57 ಪಟ್ಟು ಲ್ಯಾಪ್ (ಹಳೆ ಕಂಬಿ, ಹೊಸ ಕಂಬಿ ಅಕ್ಕಪಕ್ಕ ಸೇರಿರುವ ಉದ್ದ) ಬೇಕು. 12 ಎಂಎಂಗೆ 540 ಮತ್ತು 680 ಎಂಎಂ. ನಿಮ್ಮಲ್ಲಿರುವುದು 300. ಪಿಲ್ಲರ್ ಬರೀ ಒತ್ತಡದಲ್ಲೇ ಇರುತ್ತದೆ ಅಂತ ನಂಬಬೇಡಿ. ಶೀಟಿನ ಕೊಟ್ಟಿಗೆಗೆ ಮಳೆಗಾಲದ ಗಾಳಿ ಹೊಡೆದರೆ ಒಂದು ಮಗ್ಗುಲಿಗೆ ಎಳೆತ ಬರುತ್ತದೆ. 680ನ್ನೇ ಹಿಡಿಯಿರಿ.

ಸುಲಭದ ದಾರಿ ಅಂದರೆ ಪಿಲ್ಲರ್ ತಲೆಯ ಕಾಂಕ್ರೀಟನ್ನು ಉಳಿಯಲ್ಲಿ ನಿಧಾನವಾಗಿ 400 ಎಂಎಂ ಕೆಳಗಿನವರೆಗೆ ಒಡೆದು ಕಂಬಿ ಬಿಡಿಸಿಕೊಳ್ಳುವುದು. ಹಳೆ ರಿಂಗುಗಳನ್ನು ಕತ್ತರಿಸಬೇಡಿ. ಹೊಸ ಕಂಬಿಯನ್ನು ಪಕ್ಕಕ್ಕೆ ಇಟ್ಟು ಬೈಂಡಿಂಗ್ ವೈರ್‌ನಲ್ಲಿ ಕಟ್ಟಿ, ಲ್ಯಾಪ್ ಇರುವಷ್ಟು ಉದ್ದಕ್ಕೂ ರಿಂಗನ್ನು ಹತ್ತಿರ ಹತ್ತಿರ ಹಾಕಿ. ಹಳೆ ಮುಖವನ್ನು ಒರಟು ಮಾಡಿ, ತೊಳೆದು, ಒದ್ದೆ ಇರುವಾಗಲೇ (ನೀರು ನಿಂತಿರಬಾರದು) ಹೊಸ ಕಾಂಕ್ರೀಟ್ ಹಾಕಬೇಕು. ಒಡೆಯಲು ಆಗದಿದ್ದರೆ ರಂಧ್ರ ಕೊರೆದು ಕೆಮಿಕಲ್ ಹಾಕಿ ಕಂಬಿ ನೆಡುವುದು ಇನ್ನೊಂದು ದಾರಿ, ಆದರೆ ಎಷ್ಟು ಆಳ ಅನ್ನುವುದನ್ನು ಎಂಜಿನಿಯರ್ ಬರೆದುಕೊಡಲಿ. ರಂಧ್ರದ ಧೂಳನ್ನು ಬ್ರಷ್ ಹಾಕಿ ಊದಿ ತೆಗೆಯದಿದ್ದರೆ ಆ ಕಂಬಿ ಕೈಯಲ್ಲೇ ಕಿತ್ತು ಬರುತ್ತದೆ.

ರಿಂಗನ್ನು ಕಟ್ಟುವ ಬದಲು ಟ್ಯಾಕ್ ಹೊಡೆಯುವ ಚಾಳಿಯೂ ಕೆಲವು ಕಡೆ ಇದೆ. ನಿಮ್ಮ ಟಿ ತುಂಡು ಮುರಿದಿದ್ದು ಇಂಥ ಚುಕ್ಕೆ ಟ್ಯಾಕ್‌ನಿಂದಲೇ. ಮುಖ್ಯ ಕಂಬಿಗೆ ಅದನ್ನು ಹೊಡೆಯಲು ಬಿಡಬೇಡಿ.

ಕಲ್ಲುಕಂಬ (ಬೇಲೂರು)

ಟ್ಯಾಂಕ್ ಸ್ಟ್ಯಾಂಡಿನ ಬಗ್ಗೆ ಯಾರೂ ಹೇಳಲಿಲ್ಲ. ಮಾರಾಯ್ರೆ, ಅದನ್ನು ಕಂಬಿಯಲ್ಲಿ ಮಾಡಬೇಡಿ! 500 ಲೀಟರ್ ನೀರೇ 500 ಕೆಜಿ, ಕಾಲಿಗೆ 125ರ ಮೇಲೆ. 12 ಎಂಎಂ ಕಂಬಿ 1.5 ಮೀಟರ್ ಉದ್ದ ನಿಂತರೆ, ಎರಡು ತುದಿಯೂ ಕೀಲಿನಂತೆ ಇದೆ ಅಂತ ಹಿಡಿದು ಆಯ್ಲರ್ ಸೂತ್ರ (ಉದ್ದ ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಅನ್ನುವ ಲೆಕ್ಕ) ಹಾಕಿದರೆ, ಸುಮಾರು 90 ಕೆಜಿಗೇ ಬಾಗುತ್ತದೆ. ಉಕ್ಕಿನ ಗ್ರೇಡ್ ಎಷ್ಟೇ ಮೇಲಿನದಾದರೂ ಈ ಅಂಕಿ ಬದಲಾಗುವುದಿಲ್ಲ, ಅದು ದಪ್ಪ ಮತ್ತು ಉದ್ದದ ಲೆಕ್ಕ. ಕಾಲಿಗೆ 50 × 50 × 6 ಆಂಗಲ್ ತನ್ನಿ, ಮೀಟರಿಗೆ ನಾಲ್ಕೂವರೆ ಕೆಜಿ ತೂಗುತ್ತದೆ. ನಾಲ್ಕು ಮಗ್ಗುಲಿಗೂ ಓರೆ ಕಟ್ಟಿ. ಆ ಓರೆಗೆ ಬೇಕಾದರೆ ನಿಮ್ಮ 12 ಎಂಎಂ ಕಂಬಿ ಬಳಸಿ, ಎರಡೂ ದಿಕ್ಕಿಗೆ ಗುಣಾಕಾರದ ಗುರುತಿನ ಹಾಗೆ. ಆಗ ಗಾಳಿ ಯಾವ ಕಡೆ ಬೀಸಿದರೂ ಒಂದು ಕಂಬಿ ಎಳೆತದಲ್ಲಿರುತ್ತದೆ.

ಗೇಟಿನ ಹಿಂಜನ್ನು ನೇರ ಕಂಬಿಗೆ ಅಂಟಿಸಬೇಡಿ. 40 × 5 ಫ್ಲಾಟ್‌ನ 100 ಎಂಎಂ ತುಂಡನ್ನು ಚೌಕಟ್ಟಿಗೆ ಉದ್ದಕ್ಕೆ ವೆಲ್ಡ್ ಮಾಡಿ, ಹಿಂಜ್ ಅದರ ಮೇಲೆ ಕೂರಲಿ. ನಮ್ಮ ಕಡೆಯ ಕಲ್ಲುಕಂಬಕ್ಕಾದರೆ ಅಂಚಿಗೆ ಹತ್ತಿರ ಡ್ರಿಲ್ ಮಾಡಿ ಬೋಲ್ಟ್ ಬಿಗಿದರೆ ಸೀಳುತ್ತದೆ. ಅದೇ ಫ್ಲಾಟನ್ನು ಕಂಬದ ಸುತ್ತ ಪಟ್ಟಿಯ ಹಾಗೆ ಎರಡು ಭಾಗ ಮಾಡಿ 12 ಎಂಎಂ ಬೋಲ್ಟ್‌ನಲ್ಲಿ ಬಿಗಿಯಿರಿ.

ತೋಟದ ಬೇಲಿ (ಮೂಡಿಗೆರೆ)

ಪಿಲ್ಲರ್ ಒಡೆಸುತ್ತೇನೆ, ಟ್ಯಾಂಕಿಗೆ ಆಂಗಲ್ ತರುತ್ತೇನೆ. ಇನ್ನೆರಡು ಅನುಮಾನ. 6013 ಬಿಟ್ಟು 7018 ರಾಡ್ ತರಬೇಕಾ? ಗೇಟಿನ ಜಾಗ ಮನೆಯಿಂದ 30 ಮೀಟರ್ ಇದೆ, ಅಲ್ಲಿಗೆ ವೈರ್ ಎಳೆಯಬಹುದಾ?

ಫೇಸ್ ನ್ಯೂಟ್ರಲ್ (ಸಕಲೇಶಪುರ)

ಗೇಟನ್ನು ಮನೆ ಹತ್ತಿರವೇ ಮಾಡಿ ಹೊತ್ತುಕೊಂಡು ಹೋಗಿ, ಹತ್ತು ಕೆಜಿ ತಾನೆ.

ಎಳೆಯಲೇಬೇಕಾದರೆ ಲೆಕ್ಕ ನೋಡಿ. 80 ಆಂಪ್‌ನಲ್ಲಿ 2.5ರ ರಾಡ್ ಉರಿಸುವಾಗ ಮೆಷಿನ್ ಗೋಡೆಯಿಂದ ಎಳೆಯುವುದು 13-14 ಆಂಪ್, 16 ಆಂಪ್ ಸಾಕೆಟ್‌ಗೆ ಸರಿ. 3.15ರ ರಾಡನ್ನು 120ರಲ್ಲಿ ಉರಿಸಿದರೆ 20 ದಾಟುತ್ತದೆ, ಮನೆಯ ಸಾಕೆಟ್ ಅದಕ್ಕಲ್ಲ. 1.5 ಚದರ ಎಂಎಂ ವೈರ್ 30 ಮೀಟರ್ ಎಳೆದರೆ 14 ಆಂಪ್‌ಗೆ 10 ವೋಲ್ಟ್ ದಾರಿಯಲ್ಲೇ ಹೋಯಿತು. ಲೈನಿನ ಕೊನೆಯ ತೋಟದ ಮನೆಯಲ್ಲಿ ಸಂಜೆ 190 ಬರುತ್ತಿದ್ದರೆ ಆ 10 ದೊಡ್ಡದೇ. 2.5 ಚದರ ಎಂಎಂ ಹಾಕಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿಟ್ಟ ವೈರ್ ಒಳಗೊಳಗೇ ಕಾದು ಕರಗುತ್ತದೆ. ಮೂರನೇ ವೈರ್, ಅಂದರೆ ಅರ್ತ್, ಇರಲೇಬೇಕು.

ವೆಲ್ಡಿಂಗ್ ಕಡೆಯಲ್ಲಿ ಆರ್ಕ್ ಇಲ್ಲದಾಗ 60-80 ವೋಲ್ಟ್ ಇರುತ್ತದೆ. ಒಣಗಿದ ಕೈಗವಸಿಗೆ ಅದು ಲೆಕ್ಕವಿಲ್ಲ, ಬೆವರಿದ ಕೈ ಮತ್ತು ಒದ್ದೆ ನೆಲಕ್ಕೆ ಲೆಕ್ಕ ಇದೆ. ಮಳೆ ನಿಂತ ಮೇಲೂ ಕಾಲ ಕೆಳಗೆ ಒಣ ಹಲಗೆ ಹಾಕಿಕೊಂಡೇ ನಿಲ್ಲಿ. ಫೆಬ್ರವರಿ-ಮಾರ್ಚ್‌ನಲ್ಲಾದರೆ ಭಯ ಬೇರೆ, ತರಗೆಲೆಗೆ ಕಿಡಿ ಬಿದ್ದರೆ ತೋಟವೇ ಹೋಗುತ್ತದೆ. ಸುತ್ತ ಗುಡಿಸಿ, ನೀರು ಚಿಮುಕಿಸಿ, ಕೆಲಸ ಮುಗಿದು ಅರ್ಧ ಗಂಟೆಯಾದರೂ ಅಲ್ಲೇ ಇರಿ.

ಗ್ರೈಂಡರ್ (ಹಾಸನ)

7018 ಒಳ್ಳೆಯ ರಾಡೇ. ಬೆಸುಗೆಗೆ ಹೈಡ್ರೋಜನ್ ಕಮ್ಮಿ ಸೇರುತ್ತದೆ, ಪೆಡಸಾದ ಜಾಗದಲ್ಲಿ ಗಂಟೆಗಳ ನಂತರ ಬಿರುಕು ಬಿಡುವ ಅಪಾಯ ಇಳಿಯುತ್ತದೆ. ಆದರೆ ಅದು ಒಣಗಿದ್ದರೆ ಮಾತ್ರ. ಪ್ಯಾಕೆಟ್ ಒಡೆದು ಮೂಡಿಗೆರೆಯ ಜುಲೈ ಹವೆಗೆ ಇಟ್ಟರೆ 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸದೆ ಅದಕ್ಕೆ ಬೆಲೆಯಿಲ್ಲ. ಅಷ್ಟು ಬಿಸಿ ಬರುವ ಓವನ್ ಮನೆಯಲ್ಲಿರುವುದಿಲ್ಲ. ಹತ್ತು ಕೆಜಿ ಗೇಟಿಗೆ ಒಣಗಿದ 6013 ಸಾಕು, 30 ರಾಡ್ ಹತ್ತಿರ ಖರ್ಚಾದೀತು. ಅದಕ್ಕೆ 100 ಡಿಗ್ರಿಯಲ್ಲಿ ಒಂದು ಗಂಟೆ ಸಾಕು, 300ರಲ್ಲಿಟ್ಟರೆ ಮೇಲಿನ ಲೇಪ ಕೆಡುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಡಬ್ಬಿಗೆ ಹಾಕಿ ಇಟ್ಟರೆ ಒಣಗಿದ್ದು ಒಣಗಿದಂತೆ ಇರುತ್ತದೆ, ಒದ್ದೆಯಾದದ್ದು ಮಾತ್ರ ಅಲ್ಲಿ ಒಣಗುವುದಿಲ್ಲ. ಬೆಸುಗೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ರಾಡ್ ಥಂಡಿ ಹಿಡಿದಿದೆ, ಇಲ್ಲವೇ ಕಂಬಿಯ ತುಕ್ಕು ತೆಗೆದಿಲ್ಲ. ಎರಡಕ್ಕೂ ಮದ್ದು ಗ್ರೈಂಡ್ ಮಾಡಿ ಮತ್ತೆ ಹೊಡೆಯುವುದೇ, ಮೇಲೆ ಇನ್ನೊಂದು ಸುತ್ತು ಮುಚ್ಚುವುದಲ್ಲ.

ಪೇಂಟಿಗೆ ಅವಸರ ಬೇಡ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಿಸಿಲಿನಲ್ಲಿ ಪ್ರತಿ ಜೋಡಣೆಯ ಅಂಚು ನೋಡಿ, ತಡವಾಗಿ ಬರುವ ಬಿರುಕು ಆಗ ಕಾಣುತ್ತದೆ. ಸ್ಲ್ಯಾಗ್ ಒಂದು ಚೂರೂ ಉಳಿಯದಂತೆ ಕುಟ್ಟಿ, ವೈರ್ ಬ್ರಷ್ ಹಾಕಿ, ಜಿಂಕ್ ಫಾಸ್ಫೇಟ್ ಪ್ರೈಮರ್ ಒಂದು ಕೋಟು, ಎನಾಮಲ್ ಎರಡು ಕೋಟು. ರಿಬ್ಬಿನ ಸಂದಿಗೆ ರೋಲರ್ ತಲುಪುವುದಿಲ್ಲ, ಬ್ರಷ್‌ನಲ್ಲೇ ತಿಕ್ಕಿ ಹಚ್ಚಿ.

ತೋಟದ ಬೇಲಿ (ಮೂಡಿಗೆರೆ)

ಹೊಸ ಟಿ ತುಂಡು ಮಾಡಿದೆ. ರಿಬ್ ತೆಗೆದು, 80 ಆಂಪ್, ಎರಡೂ ಕಡೆ ಪೂರ್ತಿ ಬೆಸುಗೆ, ನೀರು ಮುಟ್ಟಿಸಲಿಲ್ಲ. 45 ಡಿಗ್ರಿವರೆಗೆ ಬಾಗಿತು, ಬಿರುಕಿಲ್ಲ. ಒಂದು ಕಡೆ ಬೆಸುಗೆಯ ಅಂಚು ಉಗುರಿಗೆ ಸಿಗುವಷ್ಟು ಕೊರೆದಿದೆ, ಅದಕ್ಕೇನು ಮಾಡಲಿ?

ಗ್ರೈಂಡರ್ (ಹಾಸನ)

ಆರ್ಕ್ ಉದ್ದ ಹಿಡಿದಿದ್ದೀರಿ. ರಾಡಿನ ತುದಿಗೂ ಕಂಬಿಗೂ 2 ಎಂಎಂ ಮೀರಬಾರದು, ಅಂಚಿಗೆ ಬಂದಾಗ ಅರೆಕ್ಷಣ ನಿಲ್ಲಿಸಿ. ಈಗ ಕೊರೆದದ್ದನ್ನು ಬ್ರಷ್ ಮಾಡಿ 75 ಆಂಪ್‌ನಲ್ಲಿ ಒಂದು ತೆಳು ಗೆರೆ ಎಳೆದು ತುಂಬಿಸಿ. ಆ ಗೆರೆಯೂ 10 ಎಂಎಂಗಿಂತ ಗಿಡ್ಡವಿರಬಾರದು.