ಫಾರ್ಮ್ಯಾಟ್‌ಗೆ ಮುಂಚೆ ಬ್ಯಾಕಪ್: ಏನೇನು ಬಿಟ್ಟುಹೋಗ್ತದ? (ಗ್ರೂಪ್‌ನ ಪ್ರಶ್ನೋತ್ತರ)

ಗಂಗಾವತಿ ರೈಸ್ ಮಿಲ್ ಆಫೀಸು: ಸರ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಪೆನ್‌ಡ್ರೈವ್‌ಗೆ ಹಾಕೀವಿ. ಕಂಪ್ಯೂಟರ್‌ನಾಗ ಟ್ಯಾಲಿ ಲೆಕ್ಕ, ಔಟ್‌ಲುಕ್ ಮೇಲ್, ನುಡಿಯಾಗ ಟೈಪ್ ಮಾಡಿದ ಕನ್ನಡ ಪತ್ರ ಅದಾವ. ನಾಳೆ ಡಿಸ್ಕ್ ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಿಸ್ಲೇನ್ರಿ?

ಕಂಪ್ಯೂಟರ್ ತಂತ್ರಜ್ಞ: ನಾಳೆ ಬ್ಯಾಡ್ರಿ. ಟ್ಯಾಲಿ ಲೆಕ್ಕ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಾಗ ಇರಂಗಿಲ್ಲ. ಟ್ಯಾಲಿಯಲ್ಲಿ ಕಂಪನಿ ಆರಿಸೋ ಪರದೆಯಲ್ಲೇ ಡೇಟಾ ಯಾವ ಫೋಲ್ಡರ್‌ನಾಗ ಅದ ಅಂತ ಕಾಣ್ತದ. ಅಲ್ಲಿ 10000, 10001 ಥರ ಅಂಕಿ ಹೆಸರಿನ ಫೋಲ್ಡರ್ ಇರ್ತಾವ, ಒಂದೊಂದು ಕಂಪನಿಗೆ ಒಂದೊಂದು. ಹಳೇ ವರ್ಷದವನ್ನೂ ಸೇರಿಸಿ ಎಲ್ಲಾ ತಗೊಳ್ರಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು ಇಡಬೇಕು. ಕಾಪಿ ಮಾಡೋವಾಗ ಎಲ್ಲಾ ಕಂಪ್ಯೂಟರ್‌ನಾಗೂ ಟ್ಯಾಲಿ ಬಂದ್ ಇರಲಿ.

ಔಟ್‌ಲುಕ್ ಮೇಲ್ .ಪಿಎಸ್‌ಟಿ ಅಂತ ಕೊನೆಯಾಗೋ ಹೆಸರಿನ ಫೈಲ್‌ನಾಗ ಇರಬಹುದು. ಅಕೌಂಟ್ ಸೆಟ್ಟಿಂಗ್ಸ್‌ನ ಡೇಟಾ ಫೈಲ್ಸ್ ನೋಡ್ರಿ, ಜಾಗ ಅಲ್ಲೇ ಬರ್ದಿರ್ತದ. ಹಳೇ ಔಟ್‌ಲುಕ್‌ನಾಗ ಅದು ಆಪ್‌ಡೇಟಾ ಅನ್ನೋ ಅಡಗಿದ ಫೋಲ್ಡರ್‌ನಾಗ ಇರ್ತದ. ನುಡಿ ಪತ್ರದ ಜೊತೆ ಅದರ ಫಾಂಟ್ ಫೈಲ್‌ಗಳನ್ನೂ ಇಟ್ಕೊಳ್ರಿ. ಫಾಂಟ್ ಇಲ್ಲದಿದ್ರ ಹಳೇ ಪತ್ರದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣ್ತದ.

ಇಷ್ಟಾದ ಮ್ಯಾಲೆ ಬ್ಯಾರೆ ಕಂಪ್ಯೂಟರ್‌ನ ಟ್ಯಾಲಿಯಾಗ ಈ ಕಾಪಿ ತೆರೆದು ಸ್ಟಾಕ್, ಕ್ಯಾಶ್ ಬ್ಯಾಲೆನ್ಸ್ ತಾಳೆ ನೋಡ್ರಿ. ಸಾಧ್ಯ ಇದ್ರ ಫಾರ್ಮ್ಯಾಟೇ ಬ್ಯಾಡ: ಹೊಸ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಹಳೇ ಡಿಸ್ಕ್ ಬಿಚ್ಚಿ ಎರಡು ತಿಂಗಳು ಬೀರುವಿನಾಗ ಇಡ್ರಿ.

ಸಿಂಧನೂರು ಸ್ಟುಡಿಯೋ: 4 ಜಿಬಿ ದಾಟಿದ ವಿಡಿಯೋ ಪೆನ್‌ಡ್ರೈವ್‌ಗೆ ಹೋಗವಲ್ದು.

ತಂತ್ರಜ್ಞ: ಆ ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಮಾದರಿಯಾಗ ಫಾರ್ಮ್ಯಾಟ್ ಆಗೇದ, ಅಷ್ಟು ದೊಡ್ಡ ಫೈಲ್ ಹಿಡಿಯಂಗಿಲ್ಲ. ಒಳಗಿದ್ದದ್ದು ಬ್ಯಾರೆ ಕಡೆ ಇಟ್ಟು ಪೆನ್‌ಡ್ರೈವನ್ನ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡ್ರಿ.

ರಾಯಚೂರು ಸದಸ್ಯ: ಫಾರ್ವರ್ಡ್: ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂದ್ರ ರಾತ್ರಿ ಫ್ರಿಜ್‌ನಾಗ ಇಡಿ, ಡೇಟಾ ವಾಪಸ್ 🙏

ತಂತ್ರಜ್ಞ: ಇಡಬ್ಯಾಡ್ರಿ! ಹೊರಗೆ ತೆಗೆದ ಕೂಡ್ಲೇ ತೇವ ಹಿಡಿತದ. ಟಿಕ್ ಅಂದ್ರ ಪವರ್ ತೆಗೀರಿ, ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸಬ್ಯಾಡ್ರಿ, ಡೇಟಾ ರಿಕವರಿಯವರ ಹತ್ರ ಒಯ್ಯಿರಿ. ಪರೀಕ್ಷೆ ಮಾಡದ ಉಪಾಯ ಇಲ್ಲಿ ಹಾಕಬ್ಯಾಡ್ರಿ.

ಬಳ್ಳಾರಿ ಜೀನ್ಸ್ ಘಟಕ: ಎಂಬ್ರಾಯ್ಡರಿ ಡಿಸೈನ್‌ದು .ಡಿಎಸ್‌ಟಿ (ಯಂತ್ರ ಓದೋ ಫೈಲ್) ಅಷ್ಟೇ ಇಟ್ರ ಸಾಕಾ?

ಹೊಸಪೇಟೆ ಸದಸ್ಯ: ಗೂಗಲ್ ಡ್ರೈವ್ ಹಾಕ್ರಿ, ಇಷ್ಟೆಲ್ಲಾ ಯಾಕ.

ಕೊಪ್ಪಳ ಸದಸ್ಯ: ಡ್ರೈವ್ ಮಾಡೋದು ಸಿಂಕ್, ಅಂದ್ರ ಎರಡೂ ಕಡೆ ಒಂದೇ ಥರ ಇಡೋದು; ಅದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ರ ಅಲ್ಲೂ ಅಳೀತದ.

ಹೊಸಪೇಟೆ ಸದಸ್ಯ: ಕಸದಬುಟ್ಟಿಯಾಗ ಇರ್ತದಲ್ರಿ!

ಕೊಪ್ಪಳ ಸದಸ್ಯ: 30 ದಿನ ಅಷ್ಟೇ. ವರ್ಷದ ಕೊನೆಗೆ ಆಡಿಟರ್ ಕೇಳಿದಾಗ?

ಹೊಸಪೇಟೆ ಸದಸ್ಯ: ನಿಮಗ ಎಲ್ಲಾ ಗೊತ್ತದ ಬಿಡ್ರಿ.

ತಂತ್ರಜ್ಞ: ಕೊಪ್ಪಳದವ್ರು ಹೇಳಿದ್ದು ಸರಿ. ಹೊರಗಿನ ಡಿಸ್ಕನ್ನೂ ಯಾವಾಗಲೂ ಚುಚ್ಚಿ ಬಿಡಬ್ಯಾಡ್ರಿ, ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರ ಅದನ್ನೂ ಲಾಕ್ ಮಾಡ್ತದ.

ಬಳ್ಳಾರಿ ಜೀನ್ಸ್ ಘಟಕ: ನಮ್ಮ ಪ್ರಶ್ನೆ ಸರ್?

ಮಾನ್ವಿ ಸದಸ್ಯ: ಡೆಸ್ಕ್‌ಟಾಪ್ ಕಾಪಿ ಮಾಡಿದ್ರ ಟ್ಯಾಲಿನೂ ಬರ್ತದಲ್ರಿ?

ತಂತ್ರಜ್ಞ: ಇಲ್ಲ. ಅಲ್ಲಿರೋದು ಶಾರ್ಟ್‌ಕಟ್. ಮೊದಲನೇ ಉತ್ತರ ಓದ್ರಿ.