ಕ್ಲಿನಿಕ್‌ಗೆ ಅಲ್ಟ್ರಾಸೌಂಡ್ ಮೆಷಿನ್: ಈ ಲೆಕ್ಕ ಸರಿ ಇದೆಯಾ?

ಪ್ರಶ್ನೆ:
ನಾನೂ ನನ್ನ ಹೆಂಡತಿಯೂ ಸೇರಿ ಸಣ್ಣ ಕ್ಲಿನಿಕ್ ನಡೆಸುತ್ತೇವೆ. ದಿನಾ ನಾಲ್ಕೈದು ಜನರನ್ನು ಸ್ಕ್ಯಾನಿಂಗ್‌ಗೆ ಹೊರಗೆ ಕಳಿಸುತ್ತೇವೆ. ಸ್ವಂತ ಮೆಷಿನ್ ಕೊಳ್ಳುವ ಆಸೆ. ಬೆಲೆ 100 ಅಂತ ಇಟ್ಟುಕೊಳ್ಳಿ. ಖರ್ಚು ಕಳೆದು ವರ್ಷಕ್ಕೆ 25 ಕೈಗೆ ಬರುತ್ತದೆ. ನಾಲ್ಕು ವರ್ಷಕ್ಕೆ ಅಸಲು ವಾಪಸ್, ಐದನೇ ವರ್ಷದ್ದು ಪೂರ್ತಿ ಲಾಭ. ಕಣ್ಣು ಮುಚ್ಚಿ ಕೊಳ್ಳಬಹುದು ಅಲ್ವಾ?

ಉತ್ತರ 1:
ಕಣ್ಣು ತೆರೆದೇ ಕೊಳ್ಳಿ ಡಾಕ್ಟ್ರೇ! ಐದನೇ ವರ್ಷ ಬರುವ 25 ಇವತ್ತಿನ 25 ಅಲ್ಲ. ವರ್ಷಕ್ಕೆ ಶೇ. 10 ಬಡ್ಡಿ ಹಿಡಿದರೆ ಅದರ ಇಂದಿನ ಬೆಲೆ ಸುಮಾರು 15.5 ಅಷ್ಟೇ; ಇವತ್ತು 15.5 ಬಡ್ಡಿಗೆ ಹಾಕಿದರೆ ಐದು ವರ್ಷಕ್ಕೆ ಅದೇ 25 ಆಗುತ್ತದೆ. ಐದೂ ವರ್ಷದ್ದನ್ನು ಹೀಗೆ ಇಳಿಸಿ ಕೂಡಿಸಿದರೆ 94.8. ಅಂದರೆ 5ರಷ್ಟು ನಷ್ಟ. ಆರನೇ ವರ್ಷವೂ ಓಡಿದರೆ 108.9, ಆಗ ಲಾಭ. ಹಾಗಾಗಿ ಮೆಷಿನ್ ಎಷ್ಟು ವರ್ಷ ಬಾಳುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಕಂಪನಿಯವರನ್ನು ಕೇಳಬೇಡಿ, ಬಳಸುತ್ತಿರುವವರನ್ನು ಕೇಳಿ.

ಉತ್ತರ 2:
ನಮ್ಮಲ್ಲಿ ಪ್ರೋಬ್ (ಸ್ಕ್ಯಾನ್ ಮಾಡುವಾಗ ರೋಗಿಯ ಮೈಮೇಲೆ ಆಡಿಸುವ ಭಾಗ) ಕೈಜಾರಿ ಬಿತ್ತು. ನಿರ್ವಹಣೆ ಒಪ್ಪಂದದಲ್ಲಿ ಪ್ರೋಬ್ ಸೇರಿರಲೇ ಇಲ್ಲ. ಸುಮ್ನೆ ಸಹಿ ಹಾಕಿದ್ದೆ, ತಪ್ಪು ನನ್ನದೇ. ಅಂದ ಹಾಗೆ, ಸ್ಕ್ಯಾನ್ ಮಾಡುವವರು ಯಾರು? ಅವರ ಸಂಬಳ ಲೆಕ್ಕದಲ್ಲಿದೆಯಾ?

ಪ್ರಶ್ನೆ ಕೇಳಿದವರು:
ಅಯ್ಯೋ, ಇಲ್ಲ! ಹೆಂಡತಿ ಮಾಡುತ್ತಾಳೆ ಅಂದುಕೊಂಡಿದ್ದೆ.

ಉತ್ತರ 1:
ಅವರು ಆ ಹೊತ್ತಲ್ಲಿ ನೋಡುತ್ತಿದ್ದ ರೋಗಿಗಳ ಫೀಸ್ ಹೋಗುತ್ತದಲ್ಲ? ಅದನ್ನೂ 25ರಲ್ಲಿ ಕಳೆಯಿರಿ. ಆಮೇಲೆ ಸ್ಕ್ಯಾನ್ ಸಂಖ್ಯೆ ಅರ್ಧಕ್ಕಿಳಿದರೆ ಏನಾಗುತ್ತದೆ ನೋಡಿ.